ಎರಡು ಹಾಜರಿ ಪುಸ್ತಕ

ಆಂಧ್ರದ ಹಿಂದೂಪುರದಲ್ಲಿ ಹತ್ತನೇ ತರಗತಿ ಪಾಸಾದ ಹುಡುಗಿ ಜೂನ್ ತಿಂಗಳಿಂದ ಕಾಲೇಜಿಗೆ ಹೋಗುತ್ತಾಳೆ. ಗಡಿ ದಾಟಿದರೆ ಸಿಗುವ ಗೌರಿಬಿದನೂರಿನ ಅವಳ ಓರಗೆಯ ಹುಡುಗಿಯೂ ಕಾಲೇಜಿಗೇ ಹೋಗುವುದು. ಈ ಕಡೆ ಅದು ಇಂಟರ್, ಆ ಕಡೆ ಪಿಯುಸಿ. ಗಂಟೆ, ಗೈಡು, ಟ್ಯೂಷನ್ನು, ಪಬ್ಲಿಕ್ ಪರೀಕ್ಷೆ ಎಲ್ಲ ಶಾಲೆಯವೇ, ಬಾಗಿಲ ಮೇಲಿನ ಫಲಕ ಮಾತ್ರ ಕಾಲೇಜಿನದು. ಅಲ್ಲಿ ಕಳೆದ ಎರಡು ವರ್ಷ ಪದವಿಯ ಲೆಕ್ಕಕ್ಕೆ ಒಂದು ದಿನವನ್ನೂ ಸೇರಿಸುವುದಿಲ್ಲ. ಅಮೆರಿಕದಲ್ಲಿ ಇದು ತಿರುವುಮುರುವು. ಅಲ್ಲಿ ಅದೇ ವಯಸ್ಸಿನ ಮಕ್ಕಳು ಓದುವ ಕಟ್ಟಡಕ್ಕೆ ಹೈಸ್ಕೂಲು ಎಂದೇ ಹೆಸರು. ಆದರೆ ಅವರಲ್ಲಿ ಲಕ್ಷಾಂತರ ಮಂದಿ ಹತ್ತಿರದ ಸಮುದಾಯ ಕಾಲೇಜಿನ ಒಂದೋ ಎರಡೋ ಕೋರ್ಸನ್ನು ಶಾಲೆಯ ಜತೆಜತೆಗೇ ಓದಿ ಮುಗಿಸುತ್ತಾರೆ. ಆ ಅಂಕ ಶಾಲೆಯ ಅಂಕಪಟ್ಟಿಗೂ ಸೇರುತ್ತದೆ, ಮುಂದೆ ಪದವಿಗೂ ಸಲ್ಲುತ್ತದೆ. ಡ್ಯುಯಲ್ ಎನ್‌ರೋಲ್‌ಮೆಂಟ್ ಎಂದು ಅವರು ಕರೆಯುವ ಇದನ್ನು ನಮ್ಮ ಮಾತಿನಲ್ಲಿ ಎರಡು ಹಾಜರಿ ಪುಸ್ತಕದ ಪದ್ಧತಿ ಎನ್ನಬಹುದು. ಒಂದೇ ಮಗುವಿನ ಹೆಸರು ಎರಡು ಸಂಸ್ಥೆಗಳ ಪುಸ್ತಕದಲ್ಲಿ ಇರುತ್ತದೆ, ಎರಡೂ ಆ ಮಗುವಿಗೆ ಹೊಣೆ.

ಈ ಪದ್ಧತಿ ಅಲ್ಲಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಶುರುವಾದ, ಈಗ ಅಲ್ಲಿನ ಅತಿ ಹಳೆಯ ಸರ್ಕಾರಿ ಸಮುದಾಯ ಕಾಲೇಜು ಎನಿಸಿಕೊಂಡ ಸಂಸ್ಥೆ ಮೊದಲಿಗೆ ಒಂದು ಹೈಸ್ಕೂಲಿನ ಮುಂದುವರಿದ ತರಗತಿಗಳಷ್ಟೇ ಆಗಿತ್ತು. ಅಂದರೆ ಶಾಲೆಯ ಹಿತ್ತಿಲಲ್ಲೇ ಕಾಲೇಜು ಮೊಳೆತದ್ದು. ಕನೆಟಿಕಟ್ ವಿಶ್ವವಿದ್ಯಾಲಯ 1955ರಲ್ಲಿ ತನ್ನ ಪಾಠಗಳನ್ನು ಹೈಸ್ಕೂಲುಗಳಿಗೆ ಕಳಿಸಿತು. 1985ರಲ್ಲಿ ಮಿನೆಸೋಟ ಕಾನೂನು ಮಾಡಿ, ಶಾಲೆಯ ಕೊನೆಯ ವರ್ಷಗಳಲ್ಲಿರುವವರು ಸರ್ಕಾರದ ಖರ್ಚಿನಲ್ಲೇ ಕಾಲೇಜಿನ ಕೋರ್ಸು ಓದಬಹುದು ಎಂದಿತು. 1990ರಲ್ಲಿ ವಾಷಿಂಗ್ಟನ್ ರಾಜ್ಯ ಅದೇ ದಾರಿ ಹಿಡಿಯಿತು. 2022–23ರ ಹೊತ್ತಿಗೆ ಇಡೀ ದೇಶದಲ್ಲಿ ಹೆಚ್ಚುಕಡಿಮೆ 25 ಲಕ್ಷ ಹೈಸ್ಕೂಲು ಮಕ್ಕಳು ಇಂಥ ಕೋರ್ಸುಗಳಲ್ಲಿದ್ದರು. ಸಮುದಾಯ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಐವರಿಗೊಬ್ಬರು ಇನ್ನೂ ಹೈಸ್ಕೂಲಿನವರೇ. ಕಾಲೇಜಿಗೆ ಸೇರುವವರ ಸಂಖ್ಯೆ ಇಳಿಯುತ್ತಿದ್ದ ಕಾಲದಲ್ಲಿ ಈ ಮಕ್ಕಳೇ ಎಷ್ಟೋ ಕಾಲೇಜುಗಳನ್ನು ಹಿಡಿದು ನಿಲ್ಲಿಸಿದರು ಎಂಬುದೂ ನಿಜ. ಹಾಗಾಗಿ ಅಲ್ಲಿನ ಕಾಲೇಜುಗಳ ಉತ್ಸಾಹವೆಲ್ಲ ಶುದ್ಧ ಪರೋಪಕಾರ ಎಂದು ನಂಬಬೇಕಾಗಿಲ್ಲ.

ನಮ್ಮಲ್ಲಿ ಶಾಲೆಗೂ ವಿಶ್ವವಿದ್ಯಾಲಯಕ್ಕೂ ನಡುವೆ ಗೋಡೆ ಎದ್ದದ್ದು ಹೇಗೆ? ಇಂಟರ್ಮೀಡಿಯೆಟ್, ಪ್ರಿ ಯೂನಿವರ್ಸಿಟಿ ಎಂಬ ಹೆಸರುಗಳೇ ಹಳೆಯ ಗುಟ್ಟನ್ನು ಬಿಟ್ಟುಕೊಡುತ್ತವೆ. ಒಂದು ಕಾಲಕ್ಕೆ ಇವೆರಡೂ ವಿಶ್ವವಿದ್ಯಾಲಯಗಳೇ ನಡೆಸುತ್ತಿದ್ದ ತರಗತಿಗಳು. ಮೈಸೂರು ವಿಶ್ವವಿದ್ಯಾಲಯ ಆರಂಭವಾದ 1916ರಲ್ಲೇ ಅನಂತಪುರದಲ್ಲಿ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜು ತೆರೆಯಿತು. ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಹುಡುಗ ಆಗ ಮೆಟ್ರಿಕ್ ಮುಗಿಸಿ ಇಂಟರಿಗೆ ಸೇರಿದನೆಂದರೆ ಅವನು ನಿಜವಾಗಿಯೇ ಮದ್ರಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1964–66ರ ಕೊಠಾರಿ ಆಯೋಗ 10+2+3ರ ಚೌಕಟ್ಟನ್ನು ಸೂಚಿಸಿತು, 1968ರ ರಾಷ್ಟ್ರೀಯ ನೀತಿ ಅದನ್ನು ಒಪ್ಪಿತು. ಆಂಧ್ರಪ್ರದೇಶ 1969ರಿಂದ ಎರಡು ವರ್ಷದ ಇಂಟರ್ ಶುರುಮಾಡಿ, 1971ರಲ್ಲಿ ಅದಕ್ಕೊಂದು ಪ್ರತ್ಯೇಕ ಮಂಡಳಿ ಕಟ್ಟಿತು. ಆಡಳಿತಕ್ಕೆ ಅದು ಅಚ್ಚುಕಟ್ಟು. ಆದರೆ ನಡುವಿನ ಎರಡು ವರ್ಷ ಆ ಕಡೆ ಶಾಲೆಯದೂ ಅಲ್ಲದೆ ಈ ಕಡೆ ವಿಶ್ವವಿದ್ಯಾಲಯದ್ದೂ ಅಲ್ಲದೆ ಉಳಿದುಬಿಟ್ಟವು. ಆ ಖಾಲಿ ಜಾಗಕ್ಕೆ ಪ್ರವೇಶ ಪರೀಕ್ಷೆಯ ತರಬೇತಿ ನುಗ್ಗಿತು. ಇವತ್ತು ತೆಲುಗು ನಾಡಿನಲ್ಲಿ 'ಇಂಟರ್' ಎಂದರೆ ಜನರ ಕಣ್ಣಮುಂದೆ ಬರುವುದು ಬೆಳಗಿನ ಜಾವದ ಸ್ಟಡಿ ಅವರ್, ಹಾಸ್ಟೆಲಿನ ಜಾಲರಿ ಮತ್ತು ರ‍್ಯಾಂಕಿನ ಜಾಹೀರಾತು.

ಹದಿನಾರರ ಮಕ್ಕಳನ್ನು ವಿಶ್ವವಿದ್ಯಾಲಯದ ಕೈಗೆ ಒಪ್ಪಿಸಲು ಆಂಧ್ರ ಹೆದರಿದೆ ಎಂದೇನೂ ಅಲ್ಲ. ಅದು ಆ ಕೆಲಸವನ್ನು ಈಗಾಗಲೇ ಮಾಡಿದೆ. 2008ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಜ್ಞಾನ ತಂತ್ರಜ್ಞಾನಗಳ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ಟ್ರಿಪಲ್ ಐಟಿ, ಹತ್ತನೇ ತರಗತಿ ಮುಗಿಸಿದವರನ್ನು ನೇರವಾಗಿ ಆರು ವರ್ಷದ ಬಿ.ಟೆಕ್‌ಗೆ ಸೇರಿಸಿಕೊಳ್ಳುತ್ತದೆ. ಮೊದಲೆರಡು ವರ್ಷದ ಇಂಟರ್ ಮಟ್ಟದ ಪಾಠವೂ ಅಲ್ಲೇ, ವಿಶ್ವವಿದ್ಯಾಲಯದ್ದೇ. ಮೊದಲು ತೆರೆದ ಮೂರು ಕ್ಯಾಂಪಸ್‌ಗಳಲ್ಲಿ ಬಾಸರ ಈಗ ತೆಲಂಗಾಣಕ್ಕೆ ಸೇರಿದೆ. ಆಂಧ್ರಕ್ಕೆ ನೂಜಿವೀಡು ಮತ್ತು ಕಡಪ ಜಿಲ್ಲೆಯ ಇಡುಪುಲಪಾಯ ಉಳಿದವು, ಆಮೇಲೆ ಶ್ರೀಕಾಕುಳಂ, ಒಂಗೋಲು ಸೇರಿದವು. ಹಳ್ಳಿಯ ಮಕ್ಕಳಿಗೇ ಎಂದು ಕಟ್ಟಿದ ಸಂಸ್ಥೆ ಇದು. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಹೆಚ್ಚುವರಿ ಅಂಕ ಕೊಟ್ಟು, ಸೌಲಭ್ಯವಿಲ್ಲದೆ ಓದಿದ್ದೂ ಒಂದು ಲೆಕ್ಕಕ್ಕೆ ಬರಬೇಕು ಎಂದು ಒಪ್ಪಿಕೊಂಡ ಅಪರೂಪದ ನಿಯಮ ಅದರದು. ಅಮೆರಿಕದವರು 'ಅರ್ಲಿ ಕಾಲೇಜ್' ಎಂದು ಕರೆಯುವುದಕ್ಕೆ ಭಾರತದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕುವುದು ಕಷ್ಟ.

ಆದರೆ ಲೆಕ್ಕ ಹಾಕಿ ನೋಡಿ. ಆಂಧ್ರದಲ್ಲಿ ವರ್ಷಕ್ಕೆ ಹತ್ತನೇ ತರಗತಿ ಪರೀಕ್ಷೆ ಬರೆಯುವವರು 6 ಲಕ್ಷಕ್ಕೂ ಹೆಚ್ಚು. ನಾಲ್ಕು ಕ್ಯಾಂಪಸ್‌ಗಳ ಸೀಟು ಕೂಡಿದರೆ ಸುಮಾರು 4000. ನೂರಕ್ಕೆ ಒಬ್ಬರಿಗೂ ಸಿಗದ ಭಾಗ್ಯ ಇದು. ಸಿಕ್ಕವರೂ ಊರು ಬಿಟ್ಟು ಹೊರಡಬೇಕು. ಪ್ರತಿ ಶಾಲೆಯಿಂದ ಮೊದಲ ಸಾಲಿನ ಒಂದೆರಡು ಮಕ್ಕಳನ್ನು ಎತ್ತಿಕೊಂಡು ಹೋಗುವುದು ಆ ಮಕ್ಕಳಿಗೆ ಒಳ್ಳೆಯದೇ. ಕಲ್ಯಾಣದುರ್ಗದ ಕಡೆಯ ಕುಂದುರ್ಪಿಯ ಹೈಸ್ಕೂಲಿನಲ್ಲಿ ಮೂರನೆಯ ಸಾಲಿನಲ್ಲಿ ಕೂತು ಅರವತ್ತರ ಆಸುಪಾಸು ಅಂಕ ತೆಗೆದ ಮಗುವಿಗೆ ಅದರಿಂದ ಏನೂ ಬದಲಾಗುವುದಿಲ್ಲ. ಇಲ್ಲೇ ನನ್ನ ವಾದ ಇರುವುದು. ಎರಡು ಹಾಜರಿ ಪುಸ್ತಕದ ಪದ್ಧತಿಯ ಬೆಲೆ ಜಾಣ ಮಗುವಿಗೆ ಬೇಗ ಪದವಿ ಕೊಡಿಸುವುದರಲ್ಲಿಲ್ಲ. ಕಾಲೇಜು ಎಂದರೇನೆಂದು ಮನೆಯಲ್ಲಿ ಯಾರೂ ನೋಡಿರದ ಮಧ್ಯಮ ಅಂಕದ ಮಗುವಿಗೆ, ಊರು ಬಿಡಿಸದೆ, ಶಾಲೆ ಬಿಡಿಸದೆ, 'ಒಂದು ಕೋರ್ಸು ನನ್ನಿಂದ ಆಯಿತು' ಎಂಬ ಬರವಣಿಗೆಯ ಪುರಾವೆ ಕೊಡುವುದರಲ್ಲಿದೆ. ಟ್ರಿಪಲ್ ಐಟಿ ಎತ್ತಿಕೊಂಡು ಹೋಗುವ ಏಣಿ. ಹಿಂದೂಪುರ, ಕಲ್ಯಾಣದುರ್ಗಗಳಿಗೆ ಬೇಕಾಗಿರುವುದು ಮನೆಮುಂದಿನ ಮೆಟ್ಟಿಲು, ಮತ್ತು ಅದಕ್ಕೆ ಬೇಕಾದ ಕಲ್ಲು ಆ ಊರುಗಳಲ್ಲೇ ಬಿದ್ದಿದೆ.

ಹಿಂದೂಪುರದ ಪಕ್ಕದ ಕಿರಿಕೆರೆಯಲ್ಲಿ ಆಂಧ್ರಪ್ರದೇಶ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇದೆ. ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆ ಗಡಿಯ ಎರಡೂ ಬದಿಯ ಬೆಳೆಗಾರರಿಗೆ ಗೊತ್ತು. ಸುತ್ತಲಿನ ಹೈಸ್ಕೂಲುಗಳಲ್ಲಿ ಹುಳ ಸಾಕುವ ಮನೆಗಳ ಮಕ್ಕಳಿದ್ದಾರೆ. ಚಾಕಿ ಎಂದರೇನು, ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದೇಕೆ, ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಡುವ ಹೊತ್ತು ಯಾವುದು ಎಂಬುದು ಅವರಿಗೆ ಪುಸ್ತಕ ತೆರೆಯದೆಯೇ ತಿಳಿದಿರುತ್ತದೆ. ಈಗ ಅದೇ ಮನೆಗೆ ಬರುವ ಕಾಯಿಲೆಗಳನ್ನೇ ನೋಡಿ. ಹಾಲುತೊಂಡೆ ರೋಗ ವೈರಸ್ಸಿನಿಂದ, ಸುಣ್ಣಕಟ್ಟು ರೋಗ ಶಿಲೀಂಧ್ರದಿಂದ, ಗಂಟು ರೋಗ ಇನ್ನೂ ಬೇರೆಯದೇ ಜಾತಿಯ ಪರೋಪಜೀವಿಯಿಂದ. ಗಂಟು ರೋಗವನ್ನು ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಡಿ ನೋಡಿ ಪತ್ತೆಹಚ್ಚುವ ವಿಧಾನ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಸ್ಚರ್ ಬೆಳೆಸಿದ್ದು, ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಇವತ್ತಿಗೂ ಅದೇ ನಡೆಯುತ್ತಿದೆ. ಪದವಿಯ ಮೊದಲ ವರ್ಷದ ಸೂಕ್ಷ್ಮಜೀವಿಶಾಸ್ತ್ರದ ಕೋರ್ಸಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೆ? ಇಂಟರಿನಲ್ಲಿ ಜೀವಶಾಸ್ತ್ರದ ಗುಂಪಾದ ಬೈಪಿಸಿ ಓದುವ ಹುಡುಗಿ ಕಪ್ಪೆಯ ಚಿತ್ರ ಬರೆದು ಬಾಯಿಪಾಠ ಮಾಡುವುದಕ್ಕೂ, ಶನಿವಾರ ಕಿರಿಕೆರೆಯ ಪ್ರಯೋಗಾಲಯದಲ್ಲಿ ಸ್ಲೈಡ್ ಹಿಡಿದು ತನ್ನ ಅಪ್ಪ ಕಳೆದುಕೊಂಡ ಒಂದು ಬೆಳೆಯ ಕಾರಣವನ್ನು ಕಣ್ಣಾರೆ ಕಾಣುವುದಕ್ಕೂ ಇರುವ ಅಂತರವನ್ನು ಯಾವ ಮೇಷ್ಟ್ರೂ ಬಿಡಿಸಿ ಹೇಳಬೇಕಾಗಿಲ್ಲ. ಸಂಸ್ಥೆ ಪಾಠ ಕಟ್ಟಲಿ, ಊರಿನ ಪದವಿ ಕಾಲೇಜು ಅದಕ್ಕೆ ಪರೀಕ್ಷೆ ನಡೆಸಿ ಅಂಕ ಕೊಡಲಿ, ಇಂಟರ್ ಮಂಡಳಿ ಒಪ್ಪಲಿ. ಹೊಸ ಕಟ್ಟಡದ ಮಾತೇ ಬರುವುದಿಲ್ಲ.

ಕಲ್ಯಾಣದುರ್ಗದ ಕಥೆ ಒಣ ಬೇಸಾಯದ್ದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಜಿಲ್ಲೆ, ತಲೆಮಾರುಗಳಿಂದ ಕಡಲೆಕಾಯಿಯನ್ನೇ ನೆಚ್ಚಿದ ಹೊಲ, ಈಗ ಕೊಳವೆಬಾವಿ ಮತ್ತು ಹನಿ ನೀರಾವರಿಯ ಮೇಲೆ ಹಣ್ಣಿನ ತೋಟ. ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರ ಈ ಊರಿನಲ್ಲಿದೆ. ಇದೇ ವಿಶ್ವವಿದ್ಯಾಲಯ ಹತ್ತನೇ ತರಗತಿ ಮುಗಿಸಿದವರಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾ ನಡೆಸುತ್ತದೆ, ಅದನ್ನು ಮುಗಿಸಿದವರಲ್ಲಿ ಕೆಲವರಿಗೆ ಅಗ್ರಿಸೆಟ್ ಬರೆದು ಬಿಎಸ್ಸಿ ಕೃಷಿಗೆ ಹೋಗುವ ದಾರಿಯೂ ಇದೆ. ಅಂದರೆ ಹದಿನಾರರ ಮಗುವಿಗೆ ಕೃಷಿ ವಿಜ್ಞಾನ ಕಲಿಸಬಹುದು ಎಂಬುದನ್ನು ವಿಶ್ವವಿದ್ಯಾಲಯ ಈಗಾಗಲೇ ಒಪ್ಪಿಕೊಂಡಿದೆ. ಆದರೆ ಡಿಪ್ಲೊಮಾ ಹಿಡಿದರೆ ಇಂಟರ್ ಬಿಡಬೇಕು, ಇಂಟರ್ ಹಿಡಿದರೆ ಡಿಪ್ಲೊಮಾ ಬಿಡಬೇಕು. ಮಳೆಮಾಪಕದ ಹತ್ತು ವರ್ಷದ ಅಂಕಿಗಳನ್ನು ಇಟ್ಟುಕೊಂಡು ಸರಾಸರಿ, ವ್ಯತ್ಯಾಸ, ಸಂಭವನೀಯತೆ ಕಲಿಯುವ ಒಂದು ಕೋರ್ಸನ್ನು ಗಣಿತದ ಗುಂಪಿನ ಎಂಪಿಸಿ ವಿದ್ಯಾರ್ಥಿಯೂ ವಾಣಿಜ್ಯದ ಗುಂಪಿನ ಸಿಇಸಿ ವಿದ್ಯಾರ್ಥಿಯೂ ಒಟ್ಟಿಗೆ ಕೂತು ಓದಬಹುದು. ಕಡಲೆಕಾಯಿ ಬಿತ್ತನೆಯನ್ನು ಎಷ್ಟು ದಿನ ಮುಂದೂಡಬಹುದು ಎಂಬ ಪ್ರಶ್ನೆ ಕಲ್ಯಾಣದುರ್ಗದಲ್ಲಿ ಸಂಖ್ಯಾಶಾಸ್ತ್ರದ್ದೇ ಪ್ರಶ್ನೆ.

ಇದಕ್ಕೆ ಬೇಕಾದ ಸಲಕರಣೆ ಕಾಗದದ ಮೇಲಾದರೂ ಸಿದ್ಧವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂಬತ್ತರಿಂದ ಹನ್ನೆರಡನ್ನು ಒಂದೇ ಹಂತವಾಗಿ ನೋಡುತ್ತದೆ. 2021ರಲ್ಲಿ, ಗಳಿಸಿದ ಕ್ರೆಡಿಟ್ಟುಗಳನ್ನು ಕೂಡಿಡುವ ಖಾತೆಯಾಗಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ವೃತ್ತಿ ತರಬೇತಿ, ಪದವಿ ಮೂರನ್ನೂ ಒಂದೇ ಅಳತೆಗೋಲಿಗೆ ತಂದಿತು. ಅದರ ಪ್ರಕಾರ 30 ಗಂಟೆಯ ಕಲಿಕೆ ಒಂದು ಕ್ರೆಡಿಟ್, ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಶನಿವಾರಕ್ಕೆ ಮೂರು ಗಂಟೆಯಂತೆ ಮೂವತ್ತು ಶನಿವಾರ ಓದಿದರೆ 90 ಗಂಟೆ, ಮೂರು ಕ್ರೆಡಿಟ್, ಪೂರಾ ಒಂದು ಕೋರ್ಸು. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಒಬ್ಬರು ಏಕಕಾಲಕ್ಕೆ ಎರಡು ಪದವಿ ಓದಬಹುದು ಎಂದೂ ಹೇಳಿಯಾಗಿದೆ. ಇಪ್ಪತ್ತರ ಯುವಕ ಎರಡು ಇಡೀ ಪದವಿಯ ಭಾರ ತಾಳುತ್ತಾನೆ ಎಂದು ನಂಬಿದವರು ಹದಿನೇಳರ ಹುಡುಗಿಗೆ ವಾರಕ್ಕೆ ಮೂರು ಗಂಟೆಯನ್ನು ನಂಬಿ ಕೊಡಲು ಹಿಂಜರಿಯಬಾರದು.

ಆದರೆ ಕ್ರೆಡಿಟ್ಟು ಕೊಡುವುದಕ್ಕಿಂತ ಕ್ರೆಡಿಟ್ಟನ್ನು ಒಪ್ಪಿಕೊಳ್ಳುವುದು ಕಷ್ಟದ ಕೆಲಸ. ಸಮುದಾಯ ಕಾಲೇಜು ಎಂಬ ಹೆಸರೇನೂ ನಮಗೆ ಹೊಸದಲ್ಲ. ಪುದುಚೇರಿ ವಿಶ್ವವಿದ್ಯಾಲಯ 1995ರಲ್ಲೇ ಒಂದನ್ನು ತೆರೆದಿತ್ತು, ಅನುದಾನ ಆಯೋಗ 2013ರ ಸುಮಾರಿಗೆ ದೇಶದುದ್ದಕ್ಕೂ ಯೋಜನೆ ಮಾಡಿತು. ಅವು ಅಮೆರಿಕದ ಸಂಸ್ಥೆಗಳಂತೆ ಊರಿನ ಬದುಕಿಗೆ ಬೇರುಬಿಡಲಿಲ್ಲ. ಶಾಲೆಯಿಂದ ಬರುವ ದಾರಿಯೂ ಪದವಿಗೆ ಹೋಗುವ ದಾರಿಯೂ ಅವಕ್ಕೆ ಸರಿಯಾಗಿ ಇರಲಿಲ್ಲ, ನಡುವೆ ನಿಂತ ಕಟ್ಟೆಯಾದವು. ಆಂಧ್ರದ ವೃತ್ತಿ ಇಂಟರ್ ಇನ್ನೂ ಹತ್ತಿರದ ಪಾಠ. ಕಂಪ್ಯೂಟರಿನಂಥ ವಿಷಯವನ್ನು ಎರಡು ವರ್ಷ ಓದಿದವರು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಅರ್ಹರಾಗಬೇಕೆಂದರೆ ಬ್ರಿಡ್ಜ್ ಕೋರ್ಸ್ ಎಂಬ ಹೆಚ್ಚುವರಿ ಪರೀಕ್ಷೆ ಬರೆಯಬೇಕು. ಇದಕ್ಕೆ ಎದುರಾಗಿ ಪಾಲಿಸೆಟ್ ಬರೆದು ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಇಸೆಟ್ ಮೂಲಕ ಬಿ.ಟೆಕ್ ಎರಡನೇ ವರ್ಷಕ್ಕೇ ಸೇರುತ್ತಾರೆ. ಒಂದು ಕಡೆ ಓದಿದ್ದು ಸಾಲದು ಎಂಬ ಗುಮಾನಿ, ಇನ್ನೊಂದು ಕಡೆ ಓದಿದ್ದಕ್ಕೆ ಒಂದು ವರ್ಷದ ಮನ್ನಣೆ, ಎರಡೂ ಒಂದೇ ಸರ್ಕಾರದ ನಿಯಮ. ಮನಸ್ಸಿದ್ದರೆ ಎಣಿಸಲು ಬರುತ್ತದೆ ಎಂಬುದಕ್ಕೆ ಎರಡನೆಯದು ಸಾಕ್ಷಿ. ಹಿಂದೂಪುರದ ಶನಿವಾರದ ಕೋರ್ಸು ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಪದವಿಯಲ್ಲಿ ಒಂದು ಪತ್ರಿಕೆಯನ್ನು ಕಡಿಮೆ ಮಾಡದಿದ್ದರೆ ಅದು ಇನ್ನೊಂದು ಸರ್ಟಿಫಿಕೇಟು. ಅಂಥವು ಮನೆಗಳ ಟ್ರಂಕಿನಲ್ಲಿ ಈಗಾಗಲೇ ಬೇಕಾದಷ್ಟಿವೆ.

ಮಕ್ಕಳ ಮೇಲೆ ಇದು ಇನ್ನೊಂದು ಹೊರೆ ಎಂಬ ಆಕ್ಷೇಪ ಮೊದಲು ಬರುತ್ತದೆ, ಬರಬೇಕಾದ್ದೇ. ಇಂಟರಿನ ಒತ್ತಡದಿಂದ ಮಕ್ಕಳು ಜೀವ ಕಳೆದುಕೊಂಡ ಸುದ್ದಿ ಫಲಿತಾಂಶದ ಮರುದಿನ ಓದಿ ಓದಿ ಸಾಕಾದ ರಾಜ್ಯ ಇದು. ಆದ್ದರಿಂದ ಇರುವುದರ ಮೇಲೆ ಹೇರುವ ಕೋರ್ಸು ಬೇಡವೇ ಬೇಡ. ಒಂದು ಸೇರಿದರೆ ಒಂದು ಇಳಿಯಬೇಕು. 2025–26ರಿಂದ ಇಂಟರ್ ಮಂಡಳಿ ವಿಷಯಗಳ ಗುಂಪುಗಳನ್ನು ಸಡಿಲಿಸಿ, ಗಣಿತ ಓದುವವರು ಜೀವಶಾಸ್ತ್ರವನ್ನೂ ತೆಗೆದುಕೊಳ್ಳಬಹುದು ಎಂದದ್ದು ತೋರಿಸುವಂತೆ, ಐಚ್ಛಿಕಕ್ಕೆ ಜಾಗ ಮಾಡುವುದು ಅಸಾಧ್ಯವೇನಲ್ಲ. ಆ ಐಚ್ಛಿಕದ ಸ್ಥಾನದಲ್ಲಿ ಕಾಲೇಜಿನ ಕೋರ್ಸು ಕೂರಬೇಕು. ಇನ್ನು ಪದವಿ ಕಾಲೇಜುಗಳಲ್ಲೇ ಅಧ್ಯಾಪಕರಿಲ್ಲ, ಇವರಿಗೆ ಯಾರು ಕಲಿಸುತ್ತಾರೆ ಎಂಬ ಪ್ರಶ್ನೆಗೆ ಪೂರ್ಣ ಉತ್ತರವಿಲ್ಲ. ವರ್ಷಕ್ಕೆ ಎರಡು ಕೋರ್ಸು ಮಾತ್ರ, ಕಲಿಸುವವರು ಇರುವ ವಿಷಯದಲ್ಲಿ ಮಾತ್ರ ಎಂದು ಸಣ್ಣದಾಗಿ ಶುರುಮಾಡುವುದೊಂದೇ ದಾರಿ. 2022ರಲ್ಲಿ ಹೆಣ್ಣುಮಕ್ಕಳಿಗೆಂದು ಸುಮಾರು 300 ಹೈಸ್ಕೂಲುಗಳಿಗೆ ಒಮ್ಮೆಲೇ ಇಂಟರ್ ಸೇರಿಸಿ 'ಹೈಸ್ಕೂಲ್ ಪ್ಲಸ್' ಎಂದಾಗ ಉದ್ದೇಶ ಒಳ್ಳೆಯದೇ ಇತ್ತು, ಕಲಿಸುವವರನ್ನು ಮೊದಲು ಕಳಿಸಬೇಕಾಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜಾತಿಯದು. ರೇಷ್ಮೆಯವರ ಮಗಳಿಗೆ ರೇಷ್ಮೆ, ರೈತನ ಮಗನಿಗೆ ಮಳೆಮಾಪಕ, ಡಾಕ್ಟರ ಮಗನಿಗೆ ನೀಟ್ ಎಂದು ಹಂಚಿದರೆ ಅದು ಹಳೆಯ ಕುಲಕಸುಬಿಗೆ ಹೊಸ ಕ್ರೆಡಿಟ್ಟಿನ ಮುದ್ರೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಅರ್ಧ ದಿನ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು ಎಂಬ ಯೋಜನೆ ತಂದಾಗ ಎದ್ದ ಸಿಟ್ಟು ಇದೇ, ಮರುವರ್ಷ ಅವರು ಅಧಿಕಾರ ಬಿಟ್ಟ ಮೇಲೆ ಆ ಯೋಜನೆಯೂ ಹೋಯಿತು. ಆ ಸಿಟ್ಟು ನ್ಯಾಯವಾದದ್ದು. ವ್ಯತ್ಯಾಸ ಇರುವುದು ದಿಕ್ಕಿನಲ್ಲಿ. ಆ ಯೋಜನೆ ಮಗುವನ್ನು ಶಾಲೆಯಿಂದ ಮನೆಗೆ ಕಳಿಸಿತು. ಇಲ್ಲಿ ಕೇಳುತ್ತಿರುವುದು ಮನೆಯಲ್ಲಿ ಕಂಡದ್ದನ್ನು ಹಿಡಿದುಕೊಂಡು ವಿಶ್ವವಿದ್ಯಾಲಯದ ಸೂಕ್ಷ್ಮಜೀವಿಶಾಸ್ತ್ರಕ್ಕೆ ಹೋಗುವ ದಾರಿ. ಆ ಕೋರ್ಸು ಮುಗಿಸಿದ ಹುಡುಗಿ ಮುಂದೆ ನರ್ಸಿಂಗಿಗೆ ಹೋದರೂ ಬಿಎಸ್ಸಿಗೆ ಹೋದರೂ ಅದು ಸಲ್ಲಬೇಕು, ಹುಳದ ಮನೆಗೇ ಮರಳಿದರೂ ಸರಿ. ಕೋರ್ಸು ಮತ್ತು ಕಸುಬಿನ ನಡುವೆ ಈ ಬಿಡುವು ಇಲ್ಲದಿದ್ದರೆ ಯೋಜನೆಯನ್ನು ಕೈಬಿಡುವುದೇ ಮೇಲು.

ಉಳ್ಳವರ ಮಕ್ಕಳೇ ಇದನ್ನು ಬಾಚಿಕೊಳ್ಳುತ್ತಾರೆ ಎಂಬುದಕ್ಕೆ ಅಮೆರಿಕದ ಅನುಭವವೇ ಪುರಾವೆ ಕೊಡುತ್ತದೆ. ಅಲ್ಲಿ ಕಪ್ಪು ಜನರ ಮತ್ತು ಹಿಸ್ಪಾನಿಕ್ ಮಕ್ಕಳು ತಮ್ಮ ಸಂಖ್ಯೆಗೆ ತಕ್ಕಷ್ಟು ಈ ಕೋರ್ಸುಗಳಲ್ಲಿ ಇಲ್ಲ. ಓದುವ ಮಕ್ಕಳನ್ನೇ ಸೇರಿಸಿಕೊಂಡು, ನೋಡಿ ಚೆನ್ನಾಗಿ ಓದಿದರು ಎಂದರೆ ಅದು ಪದ್ಧತಿಯ ಗೆಲುವೂ ಅಲ್ಲ. ಆದರೆ ಉತ್ತರ ಕೆರೊಲಿನಾದ ಅರ್ಲಿ ಕಾಲೇಜುಗಳಲ್ಲಿ ಸೀಟಿಗಿಂತ ಅರ್ಜಿ ಹೆಚ್ಚಾದ ಕಡೆ ಚೀಟಿ ಎತ್ತಿದರು. ಸಂಶೋಧಕರು ಚೀಟಿ ಬಂದವರನ್ನೂ ಬರದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿ ಹೋಲಿಸಿದರು. ಅದೃಷ್ಟವೊಂದೇ ವ್ಯತ್ಯಾಸವಾಗಿದ್ದ ಆ ಎರಡು ಗುಂಪುಗಳಲ್ಲಿ ಕಾಲೇಜು ಸೇರಿದವರೂ ಪದವಿ ಮುಗಿಸಿದವರೂ ಚೀಟಿ ಬಂದ ಕಡೆಯೇ ಹೆಚ್ಚಿದ್ದರು. ನಾವು ಕಲಿಯಬೇಕಾದದ್ದು ಆ ಚೀಟಿಯನ್ನು. ಮೊದಲ ಸಾಲಿನ ಅಂಕದವರಿಗೆ ಟ್ರಿಪಲ್ ಐಟಿ ಇದೆ, ಇಲ್ಲಿ ಪಾಸಾದ ಯಾರೇ ಅರ್ಜಿ ಹಾಕಿದರೂ ಚೀಟಿ ಎತ್ತಬೇಕು.

ಗಡಿಯ ಮಾತು ಬಾಕಿ ಇದೆ. ಭೂಪಟದಲ್ಲಿ ಕರ್ನಾಟಕದ ಪಾವಗಡ ತಾಲ್ಲೂಕು ಆಂಧ್ರದೊಳಗೆ, ಆಂಧ್ರದ ಮಡಕಶಿರಾ ಕರ್ನಾಟಕದೊಳಗೆ, ಕೈಬೆರಳು ಹೆಣೆದ ಹಾಗೆ ಚಾಚಿಕೊಂಡಿವೆ. ಈ ಭಾಗದಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿದ ಮಗು ಆಮೇಲೆ ಎತ್ತ ಹೋಗಬೇಕು? ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ಗಡಿನಾಡು ಕನ್ನಡಿಗರ ನಿಯಮ ಆಂಧ್ರದ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳನ್ನು ಹೆಸರಿಸುತ್ತದೆ. ಹಿಂದೂಪುರ, ಕಲ್ಯಾಣದುರ್ಗ ಆ ಪಟ್ಟಿಯಲ್ಲಿಲ್ಲ. ಹಾಗೆಂದು ಪಾವಗಡದಲ್ಲೋ ಗೌರಿಬಿದನೂರಿನಲ್ಲೋ ಪಿಯುಸಿ ಓದಿದರೆ ಈ ಕಡೆ ಪೆಟ್ಟು ಬೀಳುತ್ತದೆ. ಸಂವಿಧಾನದ 371-ಡಿ ವಿಧಿಯಡಿ 1974ರಲ್ಲಿ ಹೊರಟ ರಾಷ್ಟ್ರಪತಿ ಆದೇಶದಂತೆ ಆಂಧ್ರದ ಕಾಲೇಜುಗಳ ಶೇಕಡಾ 85ರಷ್ಟು ಸೀಟು ಸ್ಥಳೀಯರಿಗೆ, ಸ್ಥಳೀಯರೆಂದರೆ ಮುಖ್ಯವಾಗಿ ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷ ಅಲ್ಲೇ ಓದಿದವರು. ಎರಡು ವರ್ಷ ಗಡಿಯಾಚೆ ಕಳೆದರೆ ಆ ಲೆಕ್ಕ ಮುರಿಯುತ್ತದೆ. ಎರಡು ಹಾಜರಿ ಪುಸ್ತಕದ ಪದ್ಧತಿ ಈ ಗಂಟನ್ನು ಎಳೆಯದೆಯೇ ಬಿಡಿಸಬಲ್ಲದು. ಇಂಟರ್ ಪರೀಕ್ಷೆ ಕಲ್ಯಾಣದುರ್ಗದಲ್ಲೇ, ಆದ್ದರಿಂದ ಸ್ಥಳೀಯತೆಗೆ ಧಕ್ಕೆಯಿಲ್ಲ. ಜತೆಗೆ ಪಾವಗಡದ ಪದವಿ ಕಾಲೇಜಿನಲ್ಲಿ ತುಮಕೂರು ವಿಶ್ವವಿದ್ಯಾಲಯದ ಒಂದು ಕನ್ನಡ ಸಾಹಿತ್ಯದ ಕೋರ್ಸು, ಮೂರು ಕ್ರೆಡಿಟ್ಟು, ದೇಶಕ್ಕೆಲ್ಲ ಒಂದೇ ಆದ ಖಾತೆಗೆ ಜಮೆ.

ಇದಕ್ಕೆ ಒಂದು ವಿಶ್ವವಿದ್ಯಾಲಯ ಮತ್ತು ಪಕ್ಕದ ರಾಜ್ಯದ ಒಂದು ಮಂಡಳಿ ಸಹಿ ಹಾಕಿದ ಒಪ್ಪಂದ ಬೇಕು. ಬಸ್ಸೂ ಬೇಕು. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ, ಆಂಧ್ರದ ಸ್ತ್ರೀ ಶಕ್ತಿ 2025ರ ಆಗಸ್ಟ್ 15ರಂದು ಶುರುವಾದವು. ಎರಡೂ ತಮ್ಮ ತಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ತಮ್ಮ ರಾಜ್ಯದೊಳಗಿನ ಓಡಾಟಕ್ಕೆ. ಕಲ್ಯಾಣದುರ್ಗದಿಂದ ಗಡಿಯವರೆಗೆ ಈ ಕೋರ್ಸಿಗೆ ಹೊರಟ ಹುಡುಗಿಗೆ ಟಿಕೆಟ್ಟಿನ ಖರ್ಚಿಲ್ಲ. ಗಡಿಯಿಂದ ಪಾವಗಡದವರೆಗಿನ ಟಿಕೆಟ್ಟಿನ ದುಡ್ಡನ್ನು, ಮೂವತ್ತು ಶನಿವಾರ, ಯಾವ ಹಾಜರಿ ಪುಸ್ತಕದವರು ಕೊಡಬೇಕೆಂಬುದನ್ನು ಒಪ್ಪಂದದ ಮೊದಲ ಪುಟದಲ್ಲೇ ಬರೆಯಬೇಕಾಗುತ್ತದೆ.